ಹೆಸರು ಹಾಕಿ ರಾಜಕೀಯ ಬರೆಯುವ ಅಕ್ಕತಂಗಿಯರೇ, ನೀವು ಹೇಗೆ ತಡ್ಕೊಂಡ್ರಿ?

ಮುಧೋಳದ ಸೊಸೆ:
ನಮ್ಮ ತಾಲ್ಲೂಕಿನ ಗುಂಪಲ್ಲಿ ಕಬ್ಬಿನ ರೇಟಿನ ಚರ್ಚೆ ನಡೆದಿತ್ತು. 2025-26ಕ್ಕೆ ಎಫ್‌ಆರ್‌ಪಿ, ಅಂದ್ರೆ ಕೇಂದ್ರ ಸರ್ಕಾರ ಕಬ್ಬಿಗೆ ಕಟ್ಟಿದ ದರ, ಕ್ವಿಂಟಲ್‌ಗೆ 355 ರೂಪಾಯಿ, ಅದೂ ಕಬ್ಬಿನಿಂದ ಶೇಕಡಾ 10.25 ಸಕ್ಕರೆ ಇಳುವರಿ ಬಂದರೆ. ಕಟಾವು, ಸಾಗಾಣಿಕೆ ಮುರಿದುಕೊಂಡ ಮೇಲೆ ರೈತನ ಕೈಗೆ ಬರೋದೆಷ್ಟು ಅಂತ ಕೇಳಿದೆ. ಅಷ್ಟೇ. ಒಬ್ಬರು "ಲೆಕ್ಕ ಬಿಟ್ಟು ರೊಟ್ಟಿ ಬಡಿಯವ್ವಾ" ಅಂದರು. ಇನ್ನೊಬ್ಬರು ಸ್ಕ್ರೀನ್‌ಶಾಟ್ ತೆಗೆದು ನಮ್ಮ ಮಾವನವರಿಗೆ ಕಳಿಸಿದರು. ಮಾವ ಏನೂ ಅನ್ನಲಿಲ್ಲ. ಮೈದುನ ಮಾತ್ರ ಊಟಕ್ಕೆ ಕೂತಾಗ "ಎಮ್ಮೆಲ್ಲೆ ಆಗ್ತೀರೇನು ವೈನಿ" ಅಂತ ಎಲ್ಲರೆದುರು ನಕ್ಕ. ಈಗ ಟೈಪ್ ಮಾಡ್ತೀನಿ, ಅಳಿಸ್ತೀನಿ. ಸ್ವಂತ ಹೆಸರಲ್ಲೇ ಬರೀಬೇಕಾ, ಬೇರೆ ಹೆಸರು ಇಟ್ಟುಕೊಳ್ಳಬೇಕಾ? ಅನುಭವ ಇದ್ದವರು ಹೇಳಿ.

ಶಹಾಪುರದ ಟೇಲರ್ ಅಕ್ಕ:
ಸ್ವಂತ ಹೆಸರಲ್ಲೇ ಬರೀರಿ. ನಾನು ಇವತ್ತಿಗೂ ಬರೀತೀನಿ. ಬೆಳಗಾವಿಯಲ್ಲಿ ನವೆಂಬರ್ 1 ಅಂದ್ರೆ ಏನು ಅಂತ ನಿಮಗೆ ಹೇಳಬೇಕಿಲ್ಲ. ಒಂದು ಕಡೆ ಚನ್ನಮ್ಮ ಸರ್ಕಲ್‌ನಲ್ಲಿ ಡಿಜೆ, ಇನ್ನೊಂದು ಕಡೆ ಕರಾಳ ದಿನ. ನಾನು ಬರೆದದ್ದು ಇಷ್ಟು: ಗಡಿ ವಿವಾದದ ಮಹಾಜನ ವರದಿ 1967ರಲ್ಲೇ ಬೆಳಗಾವಿ ಇಲ್ಲೇ ಇರಲಿ ಅಂದಿದೆ, ಅದನ್ನು ಮಹಾರಾಷ್ಟ್ರದ ಕಡೆಯವರು ಒಪ್ಪಲ್ಲ. ಅದೇ ವರದಿ ನಿಪ್ಪಾಣಿ, ಖಾನಾಪುರ, ನಂದಗಡ ಅವರಿಗೆ ಕೊಡಿ ಅಂದಿದೆ, ಅದನ್ನು ನಮ್ಮವರು ಬಾಯಿ ಬಿಟ್ಟು ಹೇಳಲ್ಲ. ತಗೋರಿ, ಎರಡೂ ಕಡೆಯವರು ಒಟ್ಟಾಗಿ ಬೈದರು. ಆ ವಿಷಯದಲ್ಲಿ ಮಾತ್ರ ಗಡಿ ವಿವಾದ ಬಗೆಹರಿಯಿತು ನೋಡಿ.

ಮುಂದಿನ ಕತೆ ಕೇಳಿ. ತುಳಸಿ ಲಗ್ನ ಮುಗಿದರೆ ನಮಗೆ ಮದುವೆ ಸೀಸನ್. ಒಂದೇ ಮನೆಯಿಂದ 14,000 ರೂಪಾಯಿ ಮಜೂರಿಯ ಆರ್ಡರ್ ಬಂದಿತ್ತು. ಮದುಮಗಳ ಬ್ಲೌಸ್, ಅತ್ತೆ, ನಾದಿನಿಯರದ್ದು, ಜೊತೆಗೆ ಸೀರೆಗಳ ಪಿಕೋ-ಫಾಲ್. ಅಸ್ತರ್ ತಂದು, ನೀರಿಗೆ ಹಾಕಿ, ಕತ್ತರಿಸಿಯೂ ಆಗಿತ್ತು. ಕೈಕೆಲಸದ ಹುಡುಗಿಗೆ ಮಣಿ, ಜರಿ ಎಲ್ಲಾ ಕೊಡಿಸಿದ್ದೆ, ಅದೇ 2,600. "ನಿಮ್ಮ ವಿಚಾರ ನಮಗೆ ಸೇರಲ್ಲ ತಾಯಿ" ಅಂತ ಫೋನ್ ಬಂತು, ಅಡ್ವಾನ್ಸ್ 2,000 ವಾಪಸ್ ಕೊಟ್ಟೆ. ಹುಡುಗಿಗೆ ಕೂಲಿ ತಪ್ಪಿಸೋಕಾಗುತ್ತಾ? ಕೊಟ್ಟೆ. ಮದುಮಗಳ ಅಳತೆಗೆ ಕತ್ತರಿಸಿದ ಅಸ್ತರ್ ಇನ್ಯಾರಿಗೂ ಬರಲ್ಲ. ಇನ್ನೂ ಗಂಟು ಕಟ್ಟಿ ಇಟ್ಟಿದ್ದೀನಿ. ಪೋಸ್ಟ್ ಮಾತ್ರ ಅಳಿಸಿಲ್ಲ.

ಗುಮ್ಮಟದ ನೆರಳು:
ಟೇಲರ್ ಅಕ್ಕಾರೆ, ಅಂಗಡಿ ನಿಮ್ಮದು, ನೀವು ಬರೀಬಹುದು. ನಂದು ವಿಜಯಪುರದಲ್ಲಿ ಸರ್ಕಾರಿ ನೌಕರಿ. 2021ರ ನಡತೆ ನಿಯಮ ಓದಿದ್ದೀರಾ? ಸರ್ಕಾರದ ನೀತಿ ಟೀಕಿಸಿದರೆ ನೋಟಿಸ್. ನಾನು ಟೀಕಿಸಿಯೂ ಇರಲಿಲ್ಲ. ಚುನಾವಣೆ ವೇಳೆ ಯಾರೋ ಹಾಕಿದ ವ್ಯಂಗ್ಯಚಿತ್ರಕ್ಕೆ ನಗುವ ಗುರುತು ಒತ್ತಿದ್ದೆ. ಅದನ್ನು ಪ್ರಿಂಟ್ ತೆಗೆದು, ನನ್ನ ಹೆಸರಿಗೆ ಹಳದಿ ಬಣ್ಣ ಬಳಿದು, ಮೇಲಿನವರ ಟೇಬಲ್ ಮೇಲೆ ಇಟ್ಟದ್ದು ನನ್ನ ಜೊತೆ ದಿನಾ ಡಬ್ಬಿ ಹಂಚಿಕೊಂಡು ಉಣ್ಣೋರೇ. ವಿವರಣೆ ಬರೆದುಕೊಟ್ಟೆ, ಸಾಲದು ಅಂದ್ರು, ಮತ್ತೆ ಬರೆದೆ. ಇನ್‌ಕ್ರಿಮೆಂಟ್ ತಡೀತಾರೆ ಅಂತ ಕೇಸ್ ವರ್ಕರ್ ಹೆದರಿಸಿದ. ಮನೆ ಸಾಲದ ಕಂತು 11,400, ನಿದ್ದೆ ಎಲ್ಲಿಂದ ಬರಬೇಕು?

ಈಗ ಈ ಹೆಸರಲ್ಲಿ ಬರೀತೀನಿ. ನನ್ನ ನಿಜ ಹೆಸರು, ಇಲಾಖೆ, ಜಾತಿ ಯಾರಿಗೂ ಗೊತ್ತಿಲ್ಲ. ಬಹಳ ಜನ ನನ್ನನ್ನು "ಸರ್" ಅಂತಾರೆ. ಅದೇ ಮಾತು ನನ್ನ ಹೆಸರಲ್ಲಿ ಹೇಳಿದಾಗ ಬಾಯಿ ಮುಚ್ಚು ಅಂದವರು, ಸರ್ ಹೇಳಿದರೆ "ಒಳ್ಳೆ ವಿಶ್ಲೇಷಣೆ" ಅಂತಾರೆ. ಮಜಾ ಇದೆ.

ಶಹಾಪುರದ ಟೇಲರ್ ಅಕ್ಕ:
ಅಲ್ರೀ, ಗಂಡಸರ ಥರ ಮರೆಯಲ್ಲಿ ನಿಂತು ಬರೆದರೆ ಹೆಣ್ಣುಮಕ್ಕಳು ಮಾತಾಡ್ತಿದ್ದಾರೆ ಅಂತ ಯಾರಿಗೆ ಗೊತ್ತಾಗಬೇಕು? ನಿಮ್ಮ ಧೈರ್ಯದ ಲೆಕ್ಕ ಯಾರ ಖಾತೆಗೆ?

ಗುಮ್ಮಟದ ನೆರಳು:
ನನ್ನ ಕಂತು ನೀವು ಕಟ್ಟಿ, ನಾಳೆಯೇ ಹೆಸರು ಹಾಕ್ತೀನಿ.

ಜಮಖಂಡಿ ಕಾಕಾ:
ಇದರಲ್ಲಿ ಹೆಣ್ಣು ಗಂಡು ಏನು ಬಂತು? ನನಗೂ ಬೈದಿದ್ದಾರೆ. ಚಮಚಾ, ಗುಲಾಮ ಅಂತೆಲ್ಲ. ನಾನು ಅಳ್ತಾ ಕೂತೆನಾ? ಪಂಚಾಯ್ತಿಯಲ್ಲಿ 50 ಪರ್ಸೆಂಟ್ ಕೊಟ್ಟಿದ್ದೇವೆ, ಬಸ್ ಫ್ರೀ ಕೊಟ್ಟಿದ್ದೇವೆ. ಇನ್ನೂ ಧೈರ್ಯ ಬರಲಿಲ್ಲ ಅಂದ್ರೆ ಹೇಗೆ?

ನವನಗರದವಳು:
ಕೊಟ್ಟಿದ್ದೇವೆ ಅಂದ್ರೆ ನಿಮ್ಮ ಕಣಜದಿಂದ ಕೊಟ್ರಾ ಕಾಕಾ? ನಿಮಗೆ ಚಮಚಾ ಅಂದ್ರು. ನನಗೆ ಏನಂದ್ರು ಕೇಳಿ. ಗೃಹಲಕ್ಷ್ಮಿ 2,000 ಭಿಕ್ಷೆ ಅಂತ ಒಬ್ಬ ಬರೆದಿದ್ದ. ಕಾರ್ಖಾನೆಯವರ ಬಡ್ಡಿ ಮನ್ನಾ ಆದರೆ ಅಭಿವೃದ್ಧಿ, ನಮ್ಮ ಖಾತೆಗೆ ಬಂದರೆ ಭಿಕ್ಷೆನಾ ಅಂತ ಕೇಳಿದೆ. ಅಣ್ಣನ ಮದುವೆ ಆಲ್ಬಮ್‌ನಿಂದ ನನ್ನ ಫೋಟೊ ಕತ್ತರಿಸಿ, ಕೆಳಗೆ ನನ್ನ ನಂಬರ್, ಪಕ್ಕದಲ್ಲಿ ಒಂದು ರೇಟು ಬರೆದು ಹಾಕಿದ. ರಾತ್ರಿಯಿಡೀ ಫೋನ್. ಒಬ್ಬನಂತೂ ನಮ್ಮಪ್ಪ ಎತ್ತಿದರೂ ರೇಟ್ ಕೇಳಿದ.

ಹೊಸ ಸಿಮ್ ತಗೊಂಡೆ. ಸಿಮ್ ಬದಲಿಸಿದರೆ ಮುಗೀತಾ? ಬ್ಯಾಂಕ್, ಗ್ಯಾಸ್, ಆಧಾರ್, ಮಗನ ಶಾಲೆ, ಎಲ್ಲಾ ಕಡೆ ನಂಬರ್ ತಿದ್ದಿಸಬೇಕು. ವಕೀಲರಿಗೆ 5,000, ಬಣ್ಣದ ಪ್ರಿಂಟ್‌ಗಳಿಗೆ ಬೇರೆ, ಸಂಬಳ ಇಲ್ಲದ ರಜೆ ಬೇರೆ. ಜಿಲ್ಲೆಯ ಸೆನ್ ಠಾಣೆಗೆ, ಅದೇ ಸೈಬರ್ ಅಪರಾಧದ ಪೊಲೀಸ್ ಠಾಣೆಗೆ ಹೋದೆ. ಅವರು ಚೆನ್ನಾಗೇ ಮಾತಾಡಿದರು. ಆದರೆ ಸ್ಕ್ರೀನ್‌ಶಾಟ್ ಒಂದೇ ಸಾಲದು, ಆ ಖಾತೆಯ ಲಿಂಕ್ ಬೇಕು ಅಂದರು. ಅಷ್ಟರಲ್ಲಿ ಅವನು ಖಾತೆಯನ್ನೇ ಅಳಿಸಿದ್ದ. ಪುಣ್ಯಕ್ಕೆ ನನ್ನ ಗೆಳತಿಯ ಹತ್ತಿರ ಲಿಂಕ್ ಉಳಿದಿತ್ತು. ಭಾರತೀಯ ನ್ಯಾಯ ಸಂಹಿತೆಯ 78 (ಬೆನ್ನು ಹತ್ತಿ ಕಾಡೋದು), 79 (ಹೆಣ್ಣಿನ ಮರ್ಯಾದೆಗೆ ಕುಂದು ತರೋದು) ಹಾಕಬಹುದು. ಐಟಿ ಕಾಯ್ದೆಯ 66ಎ ಹಾಕ್ಸಿ ಅಂತ ಸಲಹೆ ಕೊಡೋರಿಗೆ ಒಂದು ಮಾತು: ಸುಪ್ರೀಂ ಕೋರ್ಟ್ ಅದನ್ನು 2015ರಲ್ಲೇ ರದ್ದು ಮಾಡಿದೆ. ಫೋನ್‌ನಲ್ಲಿರೋದನ್ನು ಕೋರ್ಟಿಗೆ ಕೊಡಲು ಸಾಕ್ಷ್ಯ ಅಧಿನಿಯಮದ 63(4) ಸರ್ಟಿಫಿಕೇಟ್ ಬೇರೆ ಬೇಕು. 1930 ಸಹಾಯವಾಣಿಗೆ ಫೋನ್ ಮಾಡಿ ಅಂತ ಎಲ್ಲರೂ ಹೇಳ್ತಾರೆ, ಅದು ಹಣ ಕಳ್ಕೊಂಡವರಿಗೆ. ನಾನು ಕಳ್ಕೊಂಡದ್ದು ಹಣ ಅಲ್ಲ.

ಜಮಖಂಡಿ ಕಾಕಾ:
ಫೋಟೊ ಹಾಕೋದೇ ತಪ್ಪಲ್ವಾ ತಂಗಿ?

ನವನಗರದವಳು:
ನಿಮ್ಮ ಪ್ರೊಫೈಲ್‌ನಲ್ಲಿ ರುಮಾಲು ಸುತ್ತಿ, ಮೀಸೆ ತಿರುವಿ, ಟ್ರ್ಯಾಕ್ಟರ್ ಮೇಲೆ ಕೂತ ಫೋಟೊ ಇದೆಯಲ್ಲ, ಅದೇನು?

ಗುಮ್ಮಟದ ನೆರಳು:
ಅದಕ್ಕೇ ನಾನು ಹೇಳಿದ್ದು, ಬೇರೆ ಹೆಸರೇ ವಾಸಿ. ಆಲಮಟ್ಟಿ ಅಣೆಕಟ್ಟಿನ ಗೇಟ್ 524.256 ಮೀಟರ್‌ಗೆ ಎತ್ತಲೇಬೇಕು ಅಂತ ನಾನು ಮೊನ್ನೆ ಬರೆದೆ. ಒಬ್ಬರೂ ನನ್ನ ಮನೆ ವಿಷಯ ಎತ್ತಲಿಲ್ಲ.

ನವನಗರದವಳು:
ಓ, ಅದು ಬರೆದದ್ದು ನೀವಾ! ಎತ್ತಿ, ನಿಮಗೇನು. ಬಾಗಲಕೋಟೆ ಕಿಲ್ಲಾದಲ್ಲಿ ನಮ್ಮಜ್ಜನ ಮನೆ ಹಿನ್ನೀರಲ್ಲಿ ಮುಳುಗಿ ಹೋದಾಗ ಗೇಟ್ 519.60ಕ್ಕೇ ನಿಂತಿತ್ತು. ಇನ್ನೂ ಮೇಲೇರಿದರೆ ನಾವು ಎಲ್ಲಿಗೆ ಹೋಗಬೇಕು?

ಗುಮ್ಮಟದ ನೆರಳು:
ನಮ್ಮ ಇಂಡಿ ಕಡೆ ಬಂದು ನೀರಿಲ್ಲದ ಬೇಸಿಗೆ ಕಳೀರಿ, ಆಮೇಲೆ ಮಾತಾಡಿ. ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. 2025ರ ಸೆಪ್ಟೆಂಬರ್‌ನಲ್ಲಿ ಸಂಪುಟ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ಪರಿಹಾರ ಅಂತ ತೀರ್ಮಾನ ಮಾಡಿದೆ. ಇನ್ನೇನು ಬೇಕು?

ನವನಗರದವಳು:
ತೀರ್ಮಾನ ಮಾಡೋದು ಬೇರೆ, ದುಡ್ಡು ಕೈಗೆ ಬರೋದು ಬೇರೆ. ನೋಟಿಸ್ ಬಂದಾಗ ನಿದ್ದೆ ಹೋಯ್ತು ಅಂದ್ರಲ್ಲ, ಊರಿಗೆ ಊರೇ ನೋಟಿಸ್ ಹಿಡ್ಕೊಂಡು ಕೂತದ್ದು ನೋಡಿದ್ದೀರಾ?

ಶಹಾಪುರದ ಟೇಲರ್ ಅಕ್ಕ:
ಇಬ್ಬರೂ ನೀರಿನ ಜಗಳ ಬಿಡ್ರವ್ವಾ. ಆ ಹುಡುಗಿ ಕೇಳಿದ್ದು ಕಬ್ಬಿನದ್ದು.

ಮುಧೋಳದ ಸೊಸೆ:
ಬಿಡೋದು ಬೇಡ ಅಕ್ಕಾ. ನಮ್ಮ ತವರಿನ ಹೊಲ ಹಿನ್ನೀರಿನ ಪಟ್ಟಿಯಲ್ಲಿದೆ. ಗುಮ್ಮಟದ ಅಕ್ಕಾರೆ, ಬಾವಿ ಇದ್ದೂ ಪಹಣಿಯಲ್ಲಿ ಖುಷ್ಕಿ (ಒಣ ಜಮೀನು) ಅಂತ ಬಿದ್ದಿದ್ದರೆ 40 ಸಿಗುತ್ತಾ, 30 ಸಿಗುತ್ತಾ? ಅದಕ್ಕೆ ಮೊದಲು ಉತ್ತರ ಹೇಳಿ.