ನಸುಕಿನ ಓಟ, 8 ಗಂಟೆ ಆಫೀಸು: ಡಾಕ್ಟರಿಗೆ ಕೇಳ್ರಿ

ಅಡ್ಮಿನ್: ಕಲಬುರಗಿ ಓಟಗಾರ ಗೆಳೆಯರಿಗೆ ಶರಣು. ಇವತ್ತ ರಾತ್ರಿ 9ರಿಂದ ನಮ್ಮ ಫಿಜಿಷಿಯನ್ ಡಾಕ್ಟ್ರು ಉತ್ತರ ಕೊಡ್ತಾರ. ಒಬ್ಬರು ಒಂದೇ ಪ್ರಶ್ನಿ ಕೇಳ್ರಿ. ಫಾರ್ವರ್ಡ್ ಹಾಕಬ್ಯಾಡ್ರಿ.

ಕಂದಾಯ ಗುಮಾಸ್ತ: ನಮಸ್ಕಾರ್ರಿ ಸರ್. ಏಪ್ರಿಲ್-ಮೇದಾಗ ನಮ್ಮ ಆಫೀಸು ಮುಂಜಾನಿ 8ರಿಂದ ಮಧ್ಯಾಹ್ನ 1:30 ತನಕ. ಚಳಿಗಾಲದಾಗ 6:30ಕ್ಕ ಅಪ್ಪನ ಕೆರಿ ಕಡೆ ಓಡ್ತಿದ್ದೆ. ಈಗ ಹ್ಯಾಂಗ ಹೊಂದಿಸ್ಲಿ? ಸಂಜಿಗೆ ಓಡಿದ್ರ ನಡೀತದೇನ್ರಿ?

ಡಾಕ್ಟರು: ಬೇಸಿಗೆಯಲ್ಲಿ ಸಂಜೆ ಬೇಡ. ಮೇ ತಿಂಗಳಲ್ಲಿ ಸಂಜೆ 6ಕ್ಕೂ ನಮ್ಮ ಡಾಂಬರು ರಸ್ತೆ ಕಾದಿರುತ್ತದೆ. 5ಕ್ಕೆ ಹೊರಟು 5:40ಕ್ಕೆ ಮನೆಗೆ ಬನ್ನಿ, ವಾರಕ್ಕೆ 3 ದಿನ ಸಾಕು. ಆದರೆ ರಾತ್ರಿ 10ಕ್ಕೆ ಮಲಗಿರಬೇಕು. ನಿದ್ದೆ ನಾಲ್ಕೈದು ತಾಸು ಮಾತ್ರ ಆದ ದಿನ ಅಲಾರಾಂ ಬಂದ್ ಮಾಡಿ ಮಲಗಿಬಿಡಿ, ಓಟ ನಾಳೆ. ಚಳಿಗಾಲದ ವೇಗವನ್ನೂ ಹಿಡಿಯಬೇಡಿ; ಮೈ ಬಿಸಿಗೆ ಒಗ್ಗಲು 10ರಿಂದ 14 ದಿನ ಬೇಕು. ಜೊತೆಗಾರ ಓಡುತ್ತಾ ತೊದಲಿದರೆ, ದಿಕ್ಕು ತಪ್ಪಿದಂತೆ ಮಾಡಿದರೆ ನೆರಳಿಗೆ ಒಯ್ದು ಮೈಮೇಲೆ ನೀರು ಸುರಿಯಿರಿ, ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ದಾಲ್ ಮಿಲ್ ಸೂಪರ್‌ವೈಸರ್: ಖಾಲಿ ಹೊಟ್ಟಿಲೆ ಓಡಬೇಕೇನ್ರಿ, ಏನರೆ ತಿಂದು ಓಡಬೇಕ್ರಿ?

ಡಾಕ್ಟರು: ಅರ್ಧ ಗಂಟೆಗೆ ಖಾಲಿ ಹೊಟ್ಟೆ ನಡೆಯುತ್ತದೆ, ನೀರು ಕುಡಿದು ಹೊರಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತೆಗೆದುಕೊಳ್ಳುವವರಿಗೆ ಈ ಮಾತಲ್ಲ. ಅವರು ತಮ್ಮ ವೈದ್ಯರನ್ನು ಕೇಳಿಯೇ ಓಡಬೇಕು, ಜೇಬಿನಲ್ಲಿ ಸಕ್ಕರೆ ಇರಲೇಬೇಕು.

ಸೇಡಂ ಕಿರಾಣಿ ಅಂಗಡಿ: ಸರ್, ನನಗ 47 ವಯಸ್ಸು. ನಾಕು ತಿಂಗಳಿಂದ ಅಂಗಡಿ ತಗಿಯೋಕಿಂತ ಮೊದಲ ಓಡ್ಲತ್ತೀನಿ. ಮೊದಲ 2 ಕಿಲೋಮೀಟರ್ ಆದ್ಮ್ಯಾಲ ಎದಿ ಮ್ಯಾಲ ಜ್ವಾಳದ ಚೀಲ ಇಟ್ಟಂಗ ಆಗ್ತಿತ್ತು, ನಿಂತ್ರ ಹೋಗ್ತಿತ್ತು. ಹ್ವಾದ ವಾರದಿಂದ 1 ಕಿಲೋಮೀಟರ್‌ಗೇ ಬರ್ಲತ್ತದ, ಎಡಗೈ ಜಡ ಆಗ್ತದ. ನಿನ್ನಿ ಮಾಳಗಿ ಏರಿದ್ರೂ ಬಂತು. ಗ್ಯಾಸ್ ಅಂತ ಜೀರಗಿ ನೀರು ಕುಡದೀನಿ. ಯಾವ ಗುಳಗಿ ತಗೋಬೇಕ್ರಿ?

ತೊಗರಿ ವ್ಯಾಪಾರಿ: ಅಣ್ಣಾ, ಬಳ್ಳೊಳ್ಳಿ, ಹಸಿ ಶುಂಠಿ, ಲಿಂಬಿ ರಸ ಕಾಸಿ ಜೇನು ಹಾಕಿ ಕುಡಿ, ಬ್ಲಾಕ್ ಬಿಚ್ಚತಾವ. ಹೆಚ್ಚಾಯ್ತಂದ್ರ ಜೋರಾಗಿ ಕೆಮ್ಮು, ಅಟ್ಯಾಕ್ ನಿಲ್ಲತದ. ನಮ್ಮ ಗ್ರೂಪಿನ್ಯಾಗ ಬಂದದ, ಕೆಳಗ ಹಾಕೀನಿ.

ಡಾಕ್ಟರು: ಸೇಡಂ ಅಣ್ಣಾವ್ರೇ, ಇದು ಗ್ಯಾಸ್ ಎಂದುಕೊಂಡು ಮಲಗಬೇಡಿ. ದುಡಿದಾಗ ಬಂದು ನಿಂತಾಗ ಹೋಗುವ ಎದೆ ಭಾರ ಹೃದಯದ ರಕ್ತನಾಳ ಕಿರಿದಾಗಿರುವುದರ ಗುರುತು. ಓಡುವಾಗ ಹೃದಯಕ್ಕೆ ಹೆಚ್ಚು ರಕ್ತ ಬೇಕು, ಕಿರಿದಾದ ನಾಳದಲ್ಲಿ ಅಷ್ಟು ಹರಿಯುವುದಿಲ್ಲ, ಅದಕ್ಕೇ ಆ ಭಾರ. ನನಗೆ ಹೆದರಿಕೆ ಇರುವುದು ನಿಮ್ಮ ಲೆಕ್ಕ ನೋಡಿ: 2 ಕಿಲೋಮೀಟರ್ ಇದ್ದದ್ದು 1ಕ್ಕೆ ಬಂತು, ಈಗ ಮೆಟ್ಟಿಲಿಗೆ ಬಂತು. ಹೀಗೆ ಕಡಿಮೆ ದುಡಿಮೆಗೇ ಬರತೊಡಗಿದರೆ ನಾಳೆ ನೋಡೋಣ ಅನ್ನುವಂತಿಲ್ಲ. ಈಗಲೇ ತಾಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ನೀವೇ ಬೈಕ್ ಹೊಡೆಯಬೇಡಿ, ಮನೆಯವರನ್ನು ಕರೆದುಕೊಳ್ಳಿ. ಕೂತಲ್ಲೇ ನೋವು ಬಂದರೆ 108.

ವ್ಯಾಪಾರಿಗಳೇ, ಆ ಫಾರ್ವರ್ಡ್ ಅಳಿಸಿ. ನಾಳದ ಗೋಡೆಯೊಳಗೆ ಕೂತ ಕೊಬ್ಬು ಬೆಳ್ಳುಳ್ಳಿ ರಸಕ್ಕೆ ಕರಗುವುದಿಲ್ಲ, ಕೆಮ್ಮಿದರೆ ಅಟ್ಯಾಕ್ ನಿಲ್ಲುವುದಿಲ್ಲ. ಕೆಮ್ಮುತ್ತಾ ಕೂತ ಹೊತ್ತಿನಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ.

ತೊಗರಿ ವ್ಯಾಪಾರಿ: ಒಳ್ಳೇದಕ್ಕ ಹಾಕೀನ್ರಿ ಸರ್.

ಶಾಲಿ ಟೀಚರ್: ಸರ್, ನಾನು ಚಿತ್ತಾಪುರ ಕಡೆ ಶಾಲಿಗೆ ದಿನಾ ಬಸ್ಸಿಗೆ ಹೋಗ್ತೀನಿ. ನಸಕಿನ್ಯಾಗ ಎದ್ದು ಹಾಸಗಿಯಿಂದ ಕಾಲಿಟ್ರ ಹಿಮ್ಮಡ ಸೂಜಿ ಚುಚ್ಚಿದಂಗ ಆಗ್ತದ, ಹತ್ತು ಹೆಜ್ಜಿ ನಡದ್ರ ಕಮ್ಮಿ. 5ಕ್ಕ ಹೊರಬಿದ್ರ ಓಣ್ಯಾಗಿನ ನಾಯಿ ಬೆನ್ನ ಹತ್ತತಾವ, ಅದು ಬ್ಯಾರೆ.

ಡಾಕ್ಟರು: ಅಂಗಾಲಿನ ಪಟ್ಟಿ ಹಿಮ್ಮಡಿಗೆ ಅಂಟಿದ ಕಡೆ ನೊಂದಿದೆ. ಓಟ ಅರ್ಧಕ್ಕೆ ಇಳಿಸಿ. ಎದ್ದು ಕಾಲಿಡುವ ಮೊದಲು ಬೆರಳುಗಳನ್ನು ಕೈಯಿಂದ ಹಿಂದಕ್ಕೆ ಎಳೆದು 30 ಸೆಕೆಂಡ್ ಹಿಡಿಯಿರಿ, ದಿನಾ ಮೀನಖಂಡ ಎಳೆಯುವ ವ್ಯಾಯಾಮ ಮಾಡಿ. ಮನೆಯಲ್ಲೂ ಬರಿಗಾಲು ಬೇಡ. ವಾಸಿಯಾಗಲು ತಿಂಗಳುಗಳೇ ಹಿಡಿಯುತ್ತವೆ.

ಬ್ಯಾಂಕ್ ನೌಕರ: ಅಕ್ಕಾರ, ಕೈಯಾಗ ಒಂದು ಬಡಿಗಿ ಇರ್ಲಿ.

ಸ್ಟೇಶನ್ ರೋಡ್ ಹುಡುಗ: ಬಡಿಗಿ ತೋರ್ಸಿದ್ರನೇ ಅವು ಮೈಮ್ಯಾಲ ಬರೋದು. ನಾ ದಿನಾ ರೊಟ್ಟಿ ಹಾಕ್ತೀನಿ, ನನಗ ಒಂದೂ ಬೊಗಳಲ್ಲ.

ಬ್ಯಾಂಕ್ ನೌಕರ: ನಿಮ್ಮಂಥೋರು ರೊಟ್ಟಿ ಹಾಕೇ ಓಣಿ ತುಂಬ ನಾಯಿ ಆಗ್ಯಾವ. ನನ್ನ ಮಗನಿಗೆ ಕಡದದ. ಬಂದು ನೋಡ್ರಿ ಅವನ ಕಾಲು.

ಸ್ಟೇಶನ್ ರೋಡ್ ಹುಡುಗ: ಅದಕ್ಕ ನಾ ಏನ್ ಮಾಡ್ಲಿ? ಮಹಾನಗರ ಪಾಲಿಕಿಗೆ ಹೇಳ್ರಿ.

ತೊಗರಿ ವ್ಯಾಪಾರಿ: ಕಡದಲ್ಲಿ ಖಾರಪುಡಿ ಹಚ್ರಿ, ನಂಜು ಇಳೀತದ.

ಡಾಕ್ಟರು: ಖಾರಪುಡಿ ಬೇಡ, ಅರಿಶಿನ ಬೇಡ, ಸುಣ್ಣ ಬೇಡ! ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಲಸಿಕೆಯ ಮೊದಲ ದಿನ ಆದಮೇಲೆ 3, 7, 28ನೇ ದಿನಗಳನ್ನು ತಪ್ಪಿಸಬೇಡಿ. ರೇಬಿಸ್ ಲಕ್ಷಣ ಶುರುವಾದ ಮೇಲೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಬ್ಯಾಂಕಿನವರೇ, ಮಗನ ಲಸಿಕೆ ಎಲ್ಲ ಮುಗಿದಿದೆಯಾ?

ಬ್ಯಾಂಕ್ ನೌಕರ: ಎರಡು ಆಗ್ಯಾವ್ರಿ. ಗಾಯ ಮಾಯ್ತಂತ ಬಿಟ್ಟೀವಿ.

ಡಾಕ್ಟರು: ಬಿಡಬೇಡಿ. ನಾಳೆ ಬೆಳಿಗ್ಗೆಯೇ ಕರೆದೊಯ್ಯಿರಿ. ನಿಮ್ಮ ಓಟ ಒಂದು ದಿನ ತಪ್ಪಲಿ.

ಪಾಲಿಟೆಕ್ನಿಕ್ ವಿದ್ಯಾರ್ಥಿ: ಸರ್, 2000 ರೂಪಾಯಿ ಒಳಗ ಬೂಟು ಯಾವುದು ಛಲೋ?

ಎಲ್‌ಐಸಿ ಏಜೆಂಟ್: ಸರ್, ಖಾಲಿ ಹೊಟ್ಟಿಲೆ ಓಡಬಹುದೇನ್ರಿ?

ಡಾಕ್ಟರು: ಮೇಲೆ ಓದಿ.

ಸಿಮೆಂಟ್ ಫ್ಯಾಕ್ಟರಿ, ವಾಡಿ: ನೈಟ್ ಶಿಫ್ಟ್ ಮುಗಿಸಿ ಹಂಗೇ ಖಾಲಿ ಹೊಟ್ಟಿಲೆ ಓಡ್ಲೇನ್ರಿ?

ಡಾಕ್ಟರು: ಬೇಡ. ಮಲಗಿ. ಖಾಲಿ ಹೊಟ್ಟೆಯದು ಎರಡು ಸಲ ಬರೆದೆ, ಇನ್ನು ಬರೆಯುವುದಿಲ್ಲ.

ಸೇಡಂ ಕಿರಾಣಿ ಅಂಗಡಿ: ಸರ್, ಆಸ್ಪತ್ರಿಗೆ ಬಂದೀನಿ. ಇಸಿಜಿ ನಾರ್ಮಲ್ ಅದ. ಮನಿಗೆ ಹೋಗ್ಲೇನ್ರಿ?

ತೊಗರಿ ವ್ಯಾಪಾರಿ: ನೋಡ್ರಿ, ನಾ ಹೇಳಿಲ್ಲೇನು? ಗ್ಯಾಸೇ ಅದ. ಸುಮ್ನ ಹೆದರಸ್ತಾರ.

ಡಾಕ್ಟರು: ಅಡ್ಮಿನ್, ಇವರ ಮಾತು ನಿಲ್ಲಿಸಿ, ಇಲ್ಲವೇ ನಾನು ಹೊರಡುತ್ತೇನೆ.

ಅಣ್ಣಾವ್ರೇ, ಮನೆಗೆ ಹೋಗಬೇಡಿ. ನೋವಿಲ್ಲದ ಹೊತ್ತಿನ ಇಸಿಜಿ ನಾರ್ಮಲ್ ಬರಬಹುದು. ದುಡಿದಾಗ ಬರುವ ಎದೆ ಭಾರ ಒಂದೇ ವಾರದಲ್ಲಿ ಹೆಚ್ಚಾಗಿದೆ ಅಂತ ಡ್ಯೂಟಿ ಡಾಕ್ಟರಿಗೆ ಇದೇ ಮಾತಲ್ಲಿ ಹೇಳಿ. ಗ್ಯಾಸ್ ಎಂದು ನೀವೇ ಶುರು ಮಾಡಬೇಡಿ. ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯಾ ಎಂದು ತೋರಿಸುವ ಟ್ರೋಪೋನಿನ್ ರಕ್ತ ಪರೀಕ್ಷೆ ಬೇಕು, ಕೆಲವು ತಾಸು ಬಿಟ್ಟು ಇನ್ನೊಮ್ಮೆ ಬೇಕು. ಟ್ರೆಡ್‌ಮಿಲ್ ಮೇಲೆ ಓಡಿಸುವ ಪರೀಕ್ಷೆಯನ್ನು ಈ ಸ್ಥಿತಿಯಲ್ಲಿ ಸ್ವಂತ ಮನಸ್ಸಿನಿಂದ ಮಾಡಿಸಬೇಡಿ, ಅದು ಅಪಾಯ. ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಕಳಿಸಲು ಕೇಳಿ.

ಸೇಡಂ ಕಿರಾಣಿ ಅಂಗಡಿ: ಹೇಳೀನ್ರಿ. ಕಳಸ್ತೀನಿ ಅಂದ್ರು. ಆಂಬುಲೆನ್ಸ್ ಬರ್ಲತ್ತದ. ನಾಳಿ ಅಂಗಡಿ ಮಗಾ ತಗೀತಾನ.

ಡಾಕ್ಟರು: ಜಯದೇವ ಮುಟ್ಟಿದ ಕೂಡಲೇ ಇಲ್ಲಿ ಒಂದು ಸಾಲು ಬರೆಯಿರಿ. ಎಚ್ಚರ ಇರುತ್ತೇನೆ.