ಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಪ್ರೈವೇಟ್‌ಬಿನ್: ಶಿರಸಿಯ ಮಳೆಗಾಲದಲ್ಲಿ ನಡೆಯುತ್ತಾ?

ಶಿರಸಿ ತೋಟಿಗ:
ಅಪ್ಪ ಊರಲ್ಲಿ, ತಂಗಿ ಬೆಂಗಳೂರಲ್ಲಿ. ಬ್ಯಾಂಕ್ ಖಾತೆ ವಿವರ, ಪಾಸ್‌ವರ್ಡ್ ಎಲ್ಲ ವಾಟ್ಸಾಪ್‌ನಲ್ಲೇ ಓಡಾಡುತ್ತವೆ. ಒಮ್ಮೆ ಕಳಿಸಿದ್ದು ಅಲ್ಲೇ ಬಿದ್ದಿರುತ್ತದೆ. ಹಳೇ ಲ್ಯಾಪ್‌ಟಾಪ್‌ಗೆ ಡೆಬಿಯನ್ (ಲಿನಕ್ಸ್) ಹಾಕಿ ಪ್ರೈವೇಟ್‌ಬಿನ್ ನಡೆಸೋಣ ಅಂತಿದ್ದೇನೆ. ಬರೆದದ್ದನ್ನು ಗೂಢವಾಗಿಟ್ಟು, ಲಿಂಕ್ ಇದ್ದವರಿಗಷ್ಟೇ ತೋರಿಸಿ, ಅವಧಿ ಮುಗಿದ ಮೇಲೆ ಅಳಿಸುವ ತಂತ್ರಾಂಶ ಅದು. ಏನಂತೀರಿ?

ಕುಮಟೆಯವ:
ಬೇಡ ಮಾರಾಯ. ವಾಟ್ಸಾಪ್ ಮೆಸೇಜ್ ಹೇಗೂ ಎನ್‌ಕ್ರಿಪ್ಟ್ ಆಗೇ ಹೋಗುತ್ತದೆ. ತಾನಾಗೇ ಅಳಿಸಿಹೋಗುವ ಸೌಲಭ್ಯವೂ ಅದರಲ್ಲಿದೆ. ಆಷಾಢದಲ್ಲಿ ಕರೆಂಟ್ ಹೋದರೆ ನಿನ್ನ ಸರ್ವರ್ ಗತಿ ಏನು?

ಕಾರವಾರ ಕಡಲು:
ಕರೆಂಟ್ ದೊಡ್ಡ ವಿಷಯ ಅಲ್ಲ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ರೂಟರ್‌ಗೆ ಮನೆಯ ಇನ್ವರ್ಟರ್ ಸಾಕು. ಮುಚ್ಚಳ ಮುಚ್ಚಿದರೆ ಮಲಗಿಬಿಡುತ್ತದೆ, ಡೆಬಿಯನ್‌ನ ಲಾಗಿನ್‌ಡಿ (logind) ಸೆಟ್ಟಿಂಗ್‌ನಲ್ಲಿ ಅದನ್ನು ತಪ್ಪಿಸಿ.

ಮುಖ್ಯ ವಿಷಯ ಬೇರೆ. ಪ್ರೈವೇಟ್‌ಬಿನ್‌ನಲ್ಲಿ ನೀವು ಬರೆದದ್ದು ಬ್ರೌಸರ್‌ನಲ್ಲೇ 256 ಬಿಟ್ ಎಇಎಸ್ ಎಂಬ ಎನ್‌ಕ್ರಿಪ್ಶನ್ ವಿಧಾನದಿಂದ ಗೂಢವಾಗುತ್ತದೆ. ಅದನ್ನು ಬಿಡಿಸುವ ಕೀ ಲಿಂಕಿನಲ್ಲಿ # ಗುರುತಿನ ನಂತರ ಇರುತ್ತದೆ. # ನಂತರದ್ದನ್ನು ಬ್ರೌಸರ್ ಸರ್ವರ್‌ಗೆ ಕಳಿಸುವುದೇ ಇಲ್ಲ. ಹಾಗಾಗಿ ಲ್ಯಾಪ್‌ಟಾಪ್ ಕಳ್ಳತನವಾದರೂ ಡಿಸ್ಕ್‌ನಲ್ಲಿ ಸಿಗುವುದು ಅರ್ಥವಾಗದ ಅಕ್ಷರಗಳು ಮಾತ್ರ.

ಕುಮಟೆಯವ:
ಆ ಲಿಂಕ್ ಕಳಿಸೋದು ಎಲ್ಲಿ? ಅದೇ ವಾಟ್ಸಾಪ್‌ನಲ್ಲಿ ಅಲ್ವಾ? ಕೀಯೂ ಜೊತೆಗೇ ಹೋಯಿತು.

ಹೊನ್ನಾವರ ಅಕ್ಕ:
ಹೌದು ತಮ್ಮಾ, ಆ ಮಾತು ಸರಿ. ಅದಕ್ಕೇ ಲಿಂಕ್ ಒಂದನ್ನೇ ನಂಬಬಾರದು. ಇನ್ನೊಂದು ಪಾಸ್‌ವರ್ಡ್ ಇಟ್ಟು ಫೋನ್ ಮಾಡಿ ಹೇಳಿ. ‘ಓದಿದ ಮೇಲೆ ಅಳಿಸು’ ಆಯ್ಕೆಯನ್ನೂ ಹಾಕಿ. ಸುಮ್ನೆ ಬಿಟ್ಟರೆ ಒಂದು ವಾರ ಉಳಿಯುತ್ತದೆ, ಪಾಸ್‌ವರ್ಡ್ ಕಳಿಸಲು ಹತ್ತು ನಿಮಿಷ ಸಾಕು.

ಇನ್ನೊಂದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಡೇಟಾ ಫೋಲ್ಡರ್‌ನ ಬ್ಯಾಕಪ್ ತೆಗೆಯಬೇಡಿ! ಸರ್ವರ್‌ನಲ್ಲಿ ಅಳಿಸಿದ್ದು ಬ್ಯಾಕಪ್‌ನಲ್ಲಿ ಉಳಿಯುತ್ತದೆ. ಹಳೇ ಲಿಂಕ್ ಯಾರದೋ ಫೋನಿನಲ್ಲಿ ಇದ್ದರೆ ಎರಡೂ ಸೇರಿ ಮತ್ತೆ ತೆರೆದುಕೊಳ್ಳುತ್ತದೆ. ಕಾನ್ಫಿಗ್ ಫೈಲ್ ಒಂದನ್ನು ಉಳಿಸಿಕೊಂಡರೆ ಆಯಿತು.

ಶಿರಸಿ ತೋಟಿಗ:
ಇದು ಹೊಳೆದೇ ಇರಲಿಲ್ಲ ಅಕ್ಕ. ಹಾಗಾದರೆ ಬೇರೆ ಯಾರೋ ನಡೆಸುವ ಪ್ರೈವೇಟ್‌ಬಿನ್ ಬಳಸಿದರೆ ಸಾಲದಾ?

ಕಾರವಾರ ಕಡಲು:
ಸಾಲದು. ಗೂಢ ಮಾಡುವ ಜಾವಾಸ್ಕ್ರಿಪ್ಟ್ (ಬ್ರೌಸರ್‌ನಲ್ಲಿ ಓಡುವ ಕೋಡ್) ಪ್ರತಿ ಸಲ ಆ ಸರ್ವರ್‌ನಿಂದಲೇ ಬರುತ್ತದೆ. ನಡೆಸುವವರು ಅದನ್ನು ತಿದ್ದಿದರೆ ಕೀಯನ್ನೇ ಕದಿಯಬಹುದು. ಮನೆಯಲ್ಲೇ ನಡೆಸಬೇಕು ಅನ್ನಲು ನನಗೆ ಕಾಣುವ ದೊಡ್ಡ ಕಾರಣ ಇದೇ.

ಆದರೆ ಎಚ್‌ಟಿಟಿಪಿಎಸ್ (https ಎಂದು ಶುರುವಾಗುವ ಸುರಕ್ಷಿತ ಸಂಪರ್ಕ) ಬೇಕೇ ಬೇಕು. ಅದಿಲ್ಲದೆ ಬರೀ ಮನೆಯೊಳಗಿನ ನೆಟ್‌ವರ್ಕ್‌ನ 192.168 ವಿಳಾಸದಲ್ಲಿ ತೆರೆದರೆ ಬ್ರೌಸರ್ ಎನ್‌ಕ್ರಿಪ್ಶನ್ ಸೌಲಭ್ಯವನ್ನೇ ಕೊಡುವುದಿಲ್ಲ.

ಕುಮಟೆಯವ:
ನಮ್ಮ ಕಡೆಯ ಎಷ್ಟೋ ಫೈಬರ್ ಕನೆಕ್ಷನ್‌ಗೆ ಸ್ವಂತ ಪಬ್ಲಿಕ್ ಐಪಿ (ಇಂಟರ್ನೆಟ್‌ನಿಂದ ನೇರ ತಲುಪಬಹುದಾದ ವಿಳಾಸ) ಇರುವುದಿಲ್ಲ. ಹೊರಗಿನಿಂದ ತಲುಪುವುದು ಹೇಗೆ?

ಹೊನ್ನಾವರ ಅಕ್ಕ:
ಟೇಲ್‌ಸ್ಕೇಲ್ ಹಾಕಿ, ನಿಮ್ಮ ಸಾಧನಗಳನ್ನಷ್ಟೇ ಬೆಸೆಯುವ ಖಾಸಗಿ ಜಾಲ ಅದು. ಪಬ್ಲಿಕ್ ಐಪಿ ಇಲ್ಲದಿದ್ದರೂ ನಡೆಯುತ್ತದೆ, ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಕೂಡ ಸಿಗುತ್ತದೆ. ಮನೆಯವರ ಫೋನ್‌ಗಳಲ್ಲಿ ಒಮ್ಮೆ ಆ್ಯಪ್ ಹಾಕಿಕೊಡಬೇಕು ಅಷ್ಟೇ.

ಕುಮಟೆಯವ:
ಮನೆಯವರಿಗಷ್ಟೇ ಆದರೆ ಒಪ್ಪಿದೆ. ಊರಿಗೆಲ್ಲ ತೆರೆದಿಡುವುದಾದರೆ ಈಗಲೂ ಬೇಡ ಅನ್ನುತ್ತೇನೆ. ಯಾರೋ ಏನೋ ತುಂಬಿಸಿ ಹೋದರೆ ಒಳಗೇನಿದೆ ಅಂತ ನಿನಗೇ ನೋಡಲು ಬರುವುದಿಲ್ಲ.

ಶಿರಸಿ ತೋಟಿಗ:
ಮೂರೇ ಫೋನು: ಅಪ್ಪ, ತಂಗಿ, ನಾನು. ಈ ಭಾನುವಾರ ಅಪ್ಪನ ಫೋನಿನಿಂದ ಶುರು ಮಾಡುತ್ತೇನೆ.