ಪ್ರೀತಿ, ಮನೆ, ಗೆಳೆತನ ಮೂರೂ ಇರುವ ಮೊದಲ ಸಿನಿಮಾ: ಮಾಡಿದವರು ಏನು ಹೇಳ್ತೀರಿ?

ಕೇಳಿದವರು:

ಹದಿನೇಳರ ಹುಡುಗಿಯ ಕಥೆ ಬರೆದಿದ್ದೇನೆ. ಅವಳು, ಅವಳ ಜೀವದ ಗೆಳತಿ, ಅಮ್ಮ, ಮತ್ತೆ ಕಾಲೇಜಿಗೆ ಹೊಸದಾಗಿ ಬಂದ ಒಬ್ಬ ಹುಡುಗ. ಪೂರ್ತಿ ಉದ್ದದ ಸಿನಿಮಾ. ನಿರ್ಮಾಪಕರು ಅಂತ ಯಾರೂ ಇಲ್ಲ. ಉಳಿತಾಯದ ದುಡ್ಡು, ಸಣ್ಣ ತಂಡ. ಸ್ಕ್ರಿಪ್ಟ್ ಓದಿದವರೆಲ್ಲ ಒಂದೇ ಮಾತು ಹೇಳುತ್ತಾರೆ: "ಚೆನ್ನಾಗಿದೆ, ಆದರೆ ಯಾವುದರ ಕಥೆ ಅಂತ ಗೊತ್ತಾಗಲ್ಲ." ಪ್ರೀತಿ ಒಂದು ಕಡೆ ಹೋಗುತ್ತದೆ, ಮನೆ ಇನ್ನೊಂದು ಕಡೆ. ಗೆಳೆತನ ಮಧ್ಯದಲ್ಲೆಲ್ಲೋ ಕಳೆದುಹೋಗುತ್ತದೆ. ಜೊತೆಗೆ, ಕ್ಯಾಮೆರಾ ಎದುರು ಎಂದೂ ನಿಲ್ಲದ ಹುಡುಗಿಯರಿಂದ ನಟನೆ ಮಾಡಿಸುವುದು ಹೇಗೆ? ಇರುವ ಸ್ವಲ್ಪ ದುಡ್ಡನ್ನು ಎಲ್ಲಿ ಹಾಕಬೇಕು? ಇಂಥ ಸಿನಿಮಾ ಮಾಡಿದವರು, ಹತ್ತಿರದಿಂದ ನೋಡಿದವರು ದಯವಿಟ್ಟು ಹೇಳಿ.

ನಿರ್ದೇಶನ ಮಾಡಿದವರೊಬ್ಬರು:

ಮೂರು ಕಥೆ ಇದೆ, ಮೂರನ್ನೂ ಸರಿಸಮ ತೂಗಿಸಬೇಕು ಅಂತ ಹೊರಟರೆ ಇದು ಬಗೆಹರಿಯುವುದಿಲ್ಲ. ತೂಗಿಸುವುದು ಬೇಡವೇ ಬೇಡ. ಒಂದರ ಗಂಟು ಇನ್ನೊಂದಕ್ಕೆ ಬೀಳಬೇಕು.

ಹುಡುಗ ಸಂಜೆ ಸಿಗೋಣ ಅಂದ, ಇವಳು ಹೋದಳು, ತುಂಬಾ ಹೊತ್ತು ಮಾತಾಡಿದರು. ಇದು ಬರೀ ಪ್ರೀತಿಯ ದೃಶ್ಯ. ಇದನ್ನೇ ಹೀಗೆ ಮಾಡಿ ನೋಡಿ. ಅದೇ ಸಂಜೆ ಗೆಳತಿಯ ಜೊತೆ ಇರುತ್ತೇನೆ ಅಂತ ಮೊದಲೇ ಮಾತು ಕೊಟ್ಟಿದ್ದಾಳೆ. ತಪ್ಪಿಸಿಕೊಳ್ಳಲು "ಅಮ್ಮ ಬಿಡ್ತಿಲ್ಲ ಕಣೇ" ಅಂತ ಸುಳ್ಳು ಹೇಳುತ್ತಾಳೆ. ಗೆಳತಿ ಅದನ್ನು ನಂಬುತ್ತಾಳೆ. ಎರಡು ದಿನ ಬಿಟ್ಟು ಮನೆಗೇ ಬಂದು, "ಆಂಟಿ, ಅವಳನ್ನ ಯಾಕೆ ಅಷ್ಟು ಕಟ್ಟಿಹಾಕ್ತೀರಾ?" ಅಂತ ಅಮ್ಮನನ್ನೇ ಕೇಳುತ್ತಾಳೆ. ಈಗ ಅಮ್ಮ ಏನು ಮಾಡುತ್ತಾಳೆ? ಮಗಳ ಸುಳ್ಳನ್ನು ಅಲ್ಲೇ ಬಯಲು ಮಾಡುತ್ತಾಳಾ, ಇಲ್ಲ ಗೆಳತಿಯ ಎದುರು ಮಗಳ ಮಾನ ಉಳಿಸಿ ಆಮೇಲೆ ವಿಚಾರಿಸುತ್ತಾಳಾ? ಹುಡುಗ ಆ ಮನೆಯಲ್ಲಿ ಇಲ್ಲವೇ ಇಲ್ಲ. ಆದರೂ ಅದು ಅವನ ಕಥೆಯೂ ಹೌದು.

ಸ್ಕ್ರಿಪ್ಟಿನ ಪ್ರತಿ ಪ್ರೀತಿಯ ದೃಶ್ಯಕ್ಕೂ ಇದನ್ನೇ ಕೇಳಿ: ಇದರಿಂದ ಗೆಳತಿಗೆ ಏನಾಯಿತು, ಮನೆಯಲ್ಲಿ ಏನಾಯಿತು? ಎರಡಕ್ಕೂ "ಏನೂ ಇಲ್ಲ" ಅಂತ ಉತ್ತರ ಬಂದರೆ ಆ ದೃಶ್ಯ ಎಷ್ಟೇ ಚಂದ ಇದ್ದರೂ ತೆಗೆಯಿರಿ.

ಮೂರರಲ್ಲಿ ಒಂದು ಬೆನ್ನೆಲುಬಾಗಬೇಕು. ನನ್ನ ಮತ ಗೆಳೆತನಕ್ಕೆ. ಆ ವಯಸ್ಸಿನಲ್ಲಿ ಪ್ರೀತಿ ಈಗಷ್ಟೇ ಬಂದಿರುತ್ತದೆ, ಮನೆ ಮೊದಲಿಂದ ಇರುತ್ತದೆ. ಎರಡನ್ನೂ ಒಳಗಿನಿಂದ ನೋಡಿರುವುದು ಗೆಳತಿ ಒಬ್ಬಳೇ. ಅಮ್ಮನ ಜೊತೆಗಿನ ಜಗಳವೂ ಅವಳಿಗೆ ಗೊತ್ತು, ಹುಡುಗ ಕಳಿಸಿದ ಮೆಸೇಜೂ ಗೊತ್ತು. ಇನ್ನೊಂದು ಕಾರಣ: ಪ್ರೀತಿ ಮುರಿದರೆ ಅಳಬಹುದು, ನಾಲ್ಕು ಜನ ಸಮಾಧಾನ ಹೇಳುತ್ತಾರೆ. ಗೆಳೆತನ ಮುರಿದರೆ ಅದನ್ನು ಯಾರಿಗೆ ಅಂತ ಹೇಳುವುದು? ಹಾಗೆ ಹೇಳೋಕಾಗದ್ದೇ ಸಿನಿಮಾಗೆ ಬೇಕಾದ ಸರಕು.

ಸ್ಕ್ರಿಪ್ಟ್ ತುಂಬಿ ತುಳುಕುವುದಕ್ಕೆ ಗಾಬರಿ ಬೀಳಬೇಡಿ. ನಿರ್ದೇಶಕಿ ಗ್ರೇಟಾ ಗರ್ವಿಗ್ ಅವರ 'ಲೇಡಿ ಬರ್ಡ್' (2017) ಸಿನಿಮಾದ ಸ್ಕ್ರಿಪ್ಟ್ ಒಂದು ಹಂತದಲ್ಲಿ 350 ಪುಟ ದಾಟಿತ್ತು. ಪುಟಕ್ಕೆ ಒಂದು ನಿಮಿಷ ಅಂತ ಲೆಕ್ಕ ಹಾಕಿದರೆ ಸುಮಾರು ಆರು ಗಂಟೆ! ತೆರೆಗೆ ಬಂದದ್ದು ಒಂದೂವರೆ ಗಂಟೆ. ಆಗ ಅದರ ಹೆಸರು 'ಮದರ್ಸ್ ಅಂಡ್ ಡಾಟರ್ಸ್' ಅಂತ ಇತ್ತು. ಯಾವುದನ್ನು ಉಳಿಸಬೇಕು ಅಂತ ಆ ಹೆಸರೇ ಹೇಳುತ್ತದೆ, ಅಲ್ವಾ?

ಒಬ್ಬ ಎಡಿಟರ್:

ಬೆನ್ನೆಲುಬು ಯಾವುದು ಅಂತ ಸ್ಕ್ರಿಪ್ಟಿನಲ್ಲೇ ತೀರ್ಮಾನ ಆಗಬೇಕು ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಎಷ್ಟೋ ಸಲ ಅದು ಗೊತ್ತಾಗುವುದು ಎಡಿಟಿಂಗ್ ಟೇಬಲ್ ಮೇಲೆ. ಹೊಸ ನಟಿಯರಲ್ಲಿ ಯಾರು ಹೇಗೆ ಅರಳುತ್ತಾರೆ ಅಂತ ಮೊದಲೇ ಹೇಳುವವರು ಯಾರು?

ನಾನು ಕೇಳುವುದು ಒಂದೇ. ಕೇಳಿಸಿಕೊಳ್ಳುವವರ ಮುಖ ಶೂಟ್ ಮಾಡಿ. ಮಾತಾಡುವವರ ಮುಖ ಎಲ್ಲರೂ ತರುತ್ತಾರೆ. ಗೆಳತಿ ಸುಮ್ನೆ ಕೂತು ಕೇಳಿಸಿಕೊಳ್ಳುವ ಶಾಟ್ ಇದ್ದರೆ ನಾನು ಅರ್ಧ ಸಂಭಾಷಣೆ ಎಸೆದು ಕಥೆ ಹೇಳಬಲ್ಲೆ. ಅದಿಲ್ಲದಿದ್ದರೆ ಎಷ್ಟು ಟೇಕ್ ಕೊಟ್ಟರೂ ಅಷ್ಟೇ.

ಇನ್ನು, ಇಂಥ ಸಿನಿಮಾಗಳಲ್ಲಿ ನನ್ನ ಕತ್ತರಿಗೆ ಮೊದಲು ಸಿಗುವುದು "ನಿನಗೋಸ್ಕರ ನಾನು ಏನೆಲ್ಲ ಬಿಟ್ಟೆ" ಅನ್ನುವ ಅಮ್ಮನ ಭಾಷಣ. ಎರಡನೆಯದು ವಾಯ್ಸ್ ಓವರ್. ಬರೆಯುವಾಗಲೇ ತೆಗೆದರೆ ಒಂದು ದಿನದ ಶೂಟಿಂಗ್ ಉಳಿಯುತ್ತದೆ.

ಅಮ್ಮನ ಪಾತ್ರ ಮಾಡಿದ ಕಲಾವಿದೆ:

ಎಡಿಟರ್ ಸರ್ ಮಾತಿಗೆ ಸೇರಿಸುತ್ತೇನೆ. ಇಂಥ ಸ್ಕ್ರಿಪ್ಟ್ ಕೈಗೆ ಬಂದ ಕೂಡಲೇ ನಾನು ಹುಡುಕುವುದು ಇಷ್ಟು: ಮಗಳು ಮನೆಯಲ್ಲಿ ಇಲ್ಲದಾಗ ಈ ಹೆಂಗಸು ಏನು ಮಾಡುತ್ತಾಳೆ? ಹೆಚ್ಚಿನ ಸ್ಕ್ರಿಪ್ಟುಗಳಲ್ಲಿ ಅದಕ್ಕೆ ಉತ್ತರವೇ ಇರುವುದಿಲ್ಲ. ಬಾಗಿಲು ತೆಗೆಯುವುದು, ಎಲ್ಲಿಗೆ ಹೋಗಿದ್ದೆ ಅನ್ನುವುದು, ಅಳುವುದು. ಇಷ್ಟೇ ಕೆಲಸ.

ಅಮ್ಮನಿಗೂ ಆ ವಾರ ಏನೋ ಒಂದು ಬೇಕಾಗಿರಲಿ. ಕೆಲಸ ಬದಲಿಸಬೇಕು ಅಂತಿರಬಹುದು. ಹಳೆಯ ಗೆಳತಿಯೊಬ್ಬಳ ಜೊತೆ ಮಾತು ಬಿಟ್ಟು ವರ್ಷಗಳಾಗಿರಬಹುದು. ಇದು ನಿಮ್ಮ ಕಥೆಗೆ ತುಂಬಾ ಹೊಂದುತ್ತದೆ ಅನಿಸುತ್ತದೆ. ಮಗಳಿಗೆ ಅದರ ಪೂರ್ತಿ ವಿವರ ಗೊತ್ತಾಗಬೇಕಿಲ್ಲ. ಒಂದು ಸಲ ಬಾಗಿಲ ಸಂದಿಯಲ್ಲಿ ಕಂಡರೆ ಸಾಕು. "ಅಮ್ಮನಿಗೂ ಒಂದು ವಯಸ್ಸಿತ್ತು" ಅಂತ ಅವಳಿಗೆ ಹೊಳೆಯುವುದು ಆಗಲೇ. ದೊಡ್ಡವಳಾಗುವುದು ಅಂದರೆ ಅದೇ ಅಂತ ನನಗೆ ಅನಿಸುತ್ತದೆ, ಮುತ್ತು ಕೊಡುವುದಲ್ಲ.

ಹೊಸ ನಟರಿಗೆ ವರ್ಕ್‌ಶಾಪ್ ಮಾಡಿಸುವವರು:

ನಟನೆಯ ಪ್ರಶ್ನೆಗೆ ಉದ್ದವಾಗಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹೊಸಬರಿಗೆ ಭಾವನೆ ಹೇಳಿಕೊಡಬೇಡಿ, ಕೆಲಸ ಕೊಡಿ. "ಬೇಜಾರಾಗಿರು" ಅಂದರೆ ಮುಖ ಗಂಟಿಕ್ಕುತ್ತಾರೆ. "ಅವಳು ಮಾತಾಡುತ್ತಿರುವಾಗ ಈ ಬ್ಯಾಗಿನ ಜಿಪ್ ಸರಿಮಾಡು, ಅವಳ ಕಡೆ ನೋಡಬೇಡ" ಅಂದರೆ ಬೇಜಾರು ತಾನಾಗಿ ಬರುತ್ತದೆ. ಸತ್ಯಜಿತ್ ರಾಯ್ 'ಪಥೇರ್ ಪಾಂಚಾಲಿ'ಯಲ್ಲಿ ಮಾಡಿದ್ದು ಇದನ್ನೇ. ಹುಲ್ಲು ಬಯಲಿನಲ್ಲಿ ಪುಟ್ಟ ಹುಡುಗ ಅಪು ತನ್ನ ಅಕ್ಕ ದುರ್ಗಾಳನ್ನು ಹುಡುಕುತ್ತಾ ನಡೆಯಬೇಕು. ಹುಡುಗನಿಗೆ ಎಷ್ಟು ಹೇಳಿದರೂ ನಡಿಗೆಯಲ್ಲಿ ಆ ತಡವರಿಕೆ ಬರಲಿಲ್ಲ. ದಾರಿಯಲ್ಲಿ ಅಲ್ಲಲ್ಲಿ ಸಣ್ಣ ಕಡ್ಡಿಗಳನ್ನಿಟ್ಟು ದಾಟಿಕೊಂಡು ಬಾ ಅಂದರು. ಆಚೀಚೆ ಜನರನ್ನು ನಿಲ್ಲಿಸಿ ಹೆಸರು ಹಿಡಿದು ಕೂಗಿಸಿದರು. ಹುಡುಗ ತಡೆದು ತಡೆದು, ತಿರುಗಿ ನೋಡುತ್ತಾ ನಡೆದ. ತೆರೆ ಮೇಲೆ ಅದು ಹುಡುಕಾಟವಾಗಿ ಕಾಣುತ್ತದೆ.

ಮಾತಿನ ದೃಶ್ಯಕ್ಕೆ ಇನ್ನೊಂದು ದಾರಿ ಇದೆ. ಫ್ರೆಂಚ್ ನಿರ್ದೇಶಕ ತ್ರುಫೋ ಅವರ 'ದಿ 400 ಬ್ಲೋಸ್' (1959) ನಲ್ಲಿ ಹುಡುಗನನ್ನು ಮನಶ್ಶಾಸ್ತ್ರಜ್ಞೆ ಪ್ರಶ್ನೆ ಕೇಳುವ ಭಾಗವಿದೆ. ಆಕೆ ಕಾಣುವುದೇ ಇಲ್ಲ, ಧ್ವನಿ ಮಾತ್ರ. ಶೂಟಿಂಗ್‌ನಲ್ಲಿ ಪ್ರಶ್ನೆ ಕೇಳಿದ್ದು ಸ್ವತಃ ತ್ರುಫೋ. ಹುಡುಗ ತನ್ನದೇ ಮಾತಿನಲ್ಲಿ ಉತ್ತರ ಕೊಟ್ಟ. ನಿಮ್ಮ ಸಿನಿಮಾದಲ್ಲೂ ಗೆಳತಿಗೆ ಅಂಥ ಒಂದು ದೃಶ್ಯ ಬರೆಯಿರಿ. ಯಾರೋ ಅವಳನ್ನು ಏನೋ ಕೇಳುತ್ತಾರೆ. ಸಾಲುಗಳನ್ನು ಕೊಡಬೇಡಿ, ಏನನ್ನು ಮುಚ್ಚಿಡಬೇಕು ಅಂತ ಮಾತ್ರ ಹೇಳಿ.

ಇಬ್ಬರು ಹುಡುಗಿಯರನ್ನು ಆಡಿಷನ್‌ನಲ್ಲಿ ಬೇರೆ ಬೇರೆ ಆಯ್ಕೆ ಮಾಡಬೇಡಿ, ಜೋಡಿಯಾಗಿ ನೋಡಿ. ಸಾಧ್ಯವಾದರೆ ನಿಜಕ್ಕೂ ಗೆಳತಿಯರಾಗಿರುವ ಇಬ್ಬರನ್ನೇ ಹುಡುಕಿ. ಇಲ್ಲದಿದ್ದರೆ ಶೂಟಿಂಗ್‌ಗೆ ಮೊದಲು ಇಬ್ಬರಿಗೂ ಬಿಡುವಾಗಿ ಕಾಲ ಕಳೆಯಲು ಅವಕಾಶ ಮಾಡಿಕೊಡಿ. ರಿಹರ್ಸಲ್ ಬೇಡ, ಸುಮ್ನೆ ಜೊತೆಗಿರಲಿ. ಹತ್ತು ವರ್ಷದ ಗೆಳೆತನ ಅಂತ ಸಂಭಾಷಣೆಯಲ್ಲಿ ಹೇಳಿಸಬಹುದು. ಆದರೆ ಒಬ್ಬಳ ಚಾರ್ಜರ್ ಇನ್ನೊಬ್ಬಳು ಕೇಳದೆ ಎತ್ತಿಕೊಳ್ಳುವುದನ್ನು ಹೇಳಿಕೊಟ್ಟು ಮಾಡಿಸಿದರೆ ಅದು ಹೇಳಿಕೊಟ್ಟ ಹಾಗೇ ಕಾಣುತ್ತದೆ.

ಆಗುವುದಾದರೆ ಕಥೆಯ ಅನುಕ್ರಮದಲ್ಲೇ ಶೂಟ್ ಮಾಡಿ. ಬ್ರಿಟಿಷ್ ನಿರ್ದೇಶಕ ಕೆನ್ ಲೋಚ್ ಅದಕ್ಕೇ ಹೆಸರಾದವರು. ಮುಂದೇನಾಗುತ್ತದೆ ಅಂತ ಎಷ್ಟೋ ಸಲ ನಟರಿಗೇ ಹೇಳುತ್ತಿರಲಿಲ್ಲ. ಪೂರ್ತಿ ಅನುಕ್ರಮ ಆಗದಿದ್ದರೂ ಜಗಳದ ದೃಶ್ಯವನ್ನು ಮೊದಲ ವಾರದಲ್ಲಿ ಇಡಬೇಡಿ. ಇನ್ನೂ ಗೆಳತಿಯರೇ ಆಗಿಲ್ಲ, ಜಗಳ ಎಲ್ಲಿಂದ ಬರಬೇಕು?

ಒಂದು ಮಾತು ಕಡ್ಡಾಯ. ಹದಿನೆಂಟು ತುಂಬದವರಿದ್ದರೆ ತಂದೆ ತಾಯಿಯ ಲಿಖಿತ ಒಪ್ಪಿಗೆ ಬೇಕು. ಸೆಟ್‌ನಲ್ಲಿ ಅವರ ಕಡೆಯವರೊಬ್ಬರು ಇರಬೇಕು. ಪರೀಕ್ಷೆಯ ದಿನಗಳನ್ನು ಬಿಟ್ಟು ಶೆಡ್ಯೂಲ್ ಹಾಕಿ. ಅವರಿಗೆ ಮುತ್ತಿನ ದೃಶ್ಯ, ಮೈ ಮುಟ್ಟುವ ದೃಶ್ಯ ಬರೆಯಲೇಬೇಡಿ. ಆಮೇಲಿನ ಮುಖ ತೋರಿಸಿದರೆ ಸಾಕು, ಪ್ರೇಕ್ಷಕರು ದಡ್ಡರಲ್ಲ. "ನಿಜವಾಗಿ ಅಳಲಿ" ಅಂತ, ಮೊದಲೇ ತಿಳಿಸದೆ ಬೈಯುವುದು, ಹೆದರಿಸುವುದು ಮಾಡುವವರಿದ್ದಾರೆ. ಆ ಒಂದು ಟೇಕ್ ಸಿಗುತ್ತದೆ. ಆಮೇಲೆ ಆ ಹುಡುಗಿ ನಿಮ್ಮನ್ನು ನಂಬುವುದಿಲ್ಲ.

ಸೌಂಡ್ ರೆಕಾರ್ಡಿಸ್ಟ್:

ದುಡ್ಡು ಎಲ್ಲಿ ಹಾಕಬೇಕು ಅಂದಿರಿ. ಸೌಂಡ್‌ಗೆ ಹಾಕಿ. ನಾನು ಸೌಂಡ್‌ನವನು, ಬೇರೇನು ಹೇಳುತ್ತೇನೆ!

ಆದರೂ ನಿಜ. ಶಾನ್ ಬೇಕರ್ 'ಟ್ಯಾಂಜರಿನ್' (2015) ಸಿನಿಮಾವನ್ನು ಐಫೋನ್ 5ಎಸ್‌ನಲ್ಲಿ ತೆಗೆದರು. ಜನ ನೋಡಿದರು. ಚಿತ್ರ ಸ್ವಲ್ಪ ಮಸುಕಾದರೆ ಅದೇ ಒಂದು ಶೈಲಿ ಅಂದುಕೊಳ್ಳುತ್ತಾರೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಕ್ಯಾಮೆರಾ ಬಾಡಿಗೆಯಲ್ಲಿ ಉಳಿಸಿ, ಒಳ್ಳೆಯ ಬೂಮ್ ಮೈಕ್ (ಕೋಲಿನ ತುದಿಗೆ ಕಟ್ಟಿ ಹಿಡಿಯುವುದು), ಲೇಪಲ್ ಮೈಕ್ (ಬಟ್ಟೆಗೆ ಸಿಕ್ಕಿಸುವುದು), ಇವನ್ನು ಬಳಸಲು ಬಲ್ಲ ಒಬ್ಬ ಮನುಷ್ಯ, ಇಷ್ಟು ನೋಡಿಕೊಳ್ಳಿ. ಹೊಸ ಹುಡುಗಿಯರಿಂದ ಆಮೇಲೆ ಡಬ್ಬಿಂಗ್ ಮಾಡಿಸುತ್ತೇನೆ ಅಂದುಕೊಳ್ಳಬೇಡಿ. ಆ ದಿನದ ತೊದಲು, ಉಸಿರು ಸ್ಟುಡಿಯೋದಲ್ಲಿ ಬರುವುದಿಲ್ಲ.

ಪ್ರತಿ ಲೊಕೇಷನ್‌ನಲ್ಲೂ ಎಲ್ಲರೂ ಮೌನವಾಗಿ ನಿಂತು ಅರ್ಧ ನಿಮಿಷ ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗ ಆ ಜಾಗದ ಸದ್ದು, ರೆಕಾರ್ಡ್ ಮಾಡಿಕೊಳ್ಳಿ. ಫ್ಯಾನ್ ಆರಿಸಿ, ಫ್ರಿಜ್ ಆರಿಸಿ. ಫ್ರಿಜ್ ಆರಿಸಿದರೆ ಗಾಡಿ ಕೀಯನ್ನು ಅದರೊಳಗೇ ಇಡಿ. ಮನೆಗೆ ಹೊರಡುವಾಗ ಮತ್ತೆ ಹಾಕಲು ನೆನಪಾಗುತ್ತದೆ. ನಮ್ಮವರ ಹಳೇ ಉಪಾಯ.

ಪ್ರೊಡಕ್ಷನ್ ನೋಡಿಕೊಳ್ಳುವವರು:

ಹದಿಹರೆಯದವರನ್ನು ಇಟ್ಟುಕೊಂಡು ದುಡ್ಡು ಸಿಕ್ಕಾಗ ಶೂಟಿಂಗ್ ಮಾಡುವುದು ಜೂಜು. 'ಪಥೇರ್ ಪಾಂಚಾಲಿ' ದುಡ್ಡಿಲ್ಲದೆ ಮತ್ತೆ ಮತ್ತೆ ನಿಂತಿತು. 1952ರಲ್ಲಿ ಶುರುವಾಗಿ ತೆರೆಗೆ ಬಂದದ್ದು 1955ರಲ್ಲಿ. ಅಪುವಿನ ದನಿ ಒಡೆಯಲಿಲ್ಲ, ದುರ್ಗಾ ಬೆಳೆದುಬಿಡಲಿಲ್ಲ, ಅಜ್ಜಿ ಸಾಯಲಿಲ್ಲ, ಈ ಮೂರೂ ಪವಾಡ ಅಂತ ರಾಯ್ ಆಮೇಲೆ ಹೇಳಿದ್ದುಂಟು. ಬೆಳೆಯುವುದನ್ನೇ ಕಥೆ ಮಾಡಿಕೊಂಡದ್ದು ಅಮೆರಿಕದ ನಿರ್ದೇಶಕ ರಿಚರ್ಡ್ ಲಿಂಕ್ಲೇಟರ್ ಅವರ 'ಬಾಯ್‌ಹುಡ್'. 2002ರಿಂದ 2013ರವರೆಗೆ, ವರ್ಷಕ್ಕೆ ಕೆಲವೇ ದಿನ ಶೂಟಿಂಗ್. ಮಧ್ಯದಲ್ಲಿ, ಅದರಲ್ಲಿ ನಟಿಸುತ್ತಿದ್ದ ಅವರ ಮಗಳಿಗೇ ಬೇಸರವಾಗಿ "ನನ್ನ ಪಾತ್ರ ಸಾಯಿಸಿಬಿಡಿ" ಅಂದಿದ್ದಳಂತೆ! ನಿಮ್ಮ ಕಥೆ ಒಂದೇ ವರ್ಷದ್ದು. ಹುಡುಗಿಯರ ಭಾಗವನ್ನೆಲ್ಲ ಒಂದೇ ಶೆಡ್ಯೂಲ್‌ನಲ್ಲಿ ಮುಗಿಸಿ, ಅದು ಮುಗಿಯುವಷ್ಟು ದುಡ್ಡು ಕೈಯಲ್ಲಿದ್ದರೆ ಮಾತ್ರ ಶುರು ಮಾಡಿ. ಕೂದಲು ಕತ್ತರಿಸಬೇಡಿ ಅಂತಲೂ ಹೇಳಿ.

ಲೊಕೇಷನ್ ಕಡಿಮೆ ಮಾಡಿ. ಒಂದೇ ಮನೆ, ಕಾಲೇಜಿನ ಒಂದು ಮೂಲೆ, ಇಬ್ಬರೂ ಯಾವಾಗಲೂ ಕೂರುವ ಒಂದು ಜಾಗ. ಆ ಜಾಗಕ್ಕೆ ಕೊನೆಗೆ ಒಬ್ಬಳೇ ಬಂದರೆ ಸಂಭಾಷಣೆಯೇ ಬೇಡ.

ಹಾಡಿನ ವಿಷಯ: ಹುಡುಗಿಯರು ಇಷ್ಟಪಡುವ ಜನಪ್ರಿಯ ಹಾಡನ್ನು ಹಿನ್ನೆಲೆಯಲ್ಲಿ ಇಟ್ಟರೆ ಎರಡು ಹಕ್ಕು ಕೊಳ್ಳಬೇಕು. ಹಾಡು ಬರೆದು ರಾಗ ಹಾಕಿದವರದು ಒಂದು, ಆ ರೆಕಾರ್ಡಿಂಗ್‌ನದು ಇನ್ನೊಂದು. ಗುನುಗಿದರೂ ಮೊದಲನೆಯದು ಬೇಕು. ನಿಮ್ಮದೇ ಒಂದು ಹಾಡು ಮಾಡಿಸುವುದು ಲೇಸು. ಫೂಟೇಜನ್ನು ಆ ದಿನವೇ ಎರಡು ಡಿಸ್ಕಿಗೆ ಹಾಕಿ, ಒಂದು ಬೇರೆಯವರ ಮನೆಯಲ್ಲಿರಲಿ. ಸಿನಿಮಾ ಮುಗಿದ ಖುಷಿಗೆ ಯೂಟ್ಯೂಬ್‌ಗೆ ಹಾಕಿಬಿಡಬೇಡಿ. ಸಾರ್ವಜನಿಕವಾಗಿ ಬಂದದ್ದನ್ನು ತೆಗೆದುಕೊಳ್ಳದ ಚಿತ್ರೋತ್ಸವಗಳು ಬೇಕಾದಷ್ಟಿವೆ.

ಕೇಳಿದವರು:

ಎಲ್ಲರಿಗೂ ಧನ್ಯವಾದ. ಅಮ್ಮನ ಹಳೆಯ ಗೆಳತಿ ಅನ್ನುವ ಮಾತು ತಲೆಯಲ್ಲಿ ಕೂತುಬಿಟ್ಟಿದೆ, ಅದನ್ನು ಖಂಡಿತ ಬರೆಯುತ್ತೇನೆ. ಗೆಳೆತನವನ್ನೇ ಬೆನ್ನೆಲುಬು ಮಾಡುತ್ತೇನೆ ಅಂದುಕೊಂಡಿದ್ದೇನೆ. ಹಾಗಾದರೆ ಹುಡುಗನನ್ನು ಏನು ಮಾಡುವುದು? ಅವನು ಮೋಸ ಮಾಡಿದ, ಗೆಳತಿ ಹೇಳಿದ್ದೇ ಸರಿ ಆಯ್ತು ಅಂತ ಮುಗಿಸಿದರೆ ಸುಲಭ. ಯಾಕೋ ಮನಸ್ಸು ಒಪ್ಪುತ್ತಿಲ್ಲ.

ನಿರ್ದೇಶನ ಮಾಡಿದವರು:

ಮನಸ್ಸು ಒಪ್ಪದಿರುವುದೇ ಸರಿ. ಅವನು ಕೆಟ್ಟವನಾದರೆ ಹುಡುಗಿ ಏನನ್ನೂ ಆರಿಸಿಕೊಂಡ ಹಾಗಾಗಲ್ಲ, ಅವನೇ ಆರಿಸಿಕೊಟ್ಟ ಹಾಗೆ. ಅವನಿಗೆ ಒಂದು ದೃಶ್ಯದಲ್ಲಾದರೂ ನ್ಯಾಯ ಇರಲಿ. ಗೆಳತಿಗೆ ಹೇಳಿದ ಸುಳ್ಳು ಅವನಿಗೆ ಗೊತ್ತಾಗಿ, "ನನಗೋಸ್ಕರ ಯಾಕೆ ಸುಳ್ಳು ಹೇಳಿದೆ, ನಾನು ಕೇಳಿದ್ನಾ?" ಅಂತ ಅವನೇ ಬೇಜಾರು ಮಾಡಿಕೊಳ್ಳಲಿ. ಆಗ ಅವಳು ಯಾರ ಮೇಲೆ ತಪ್ಪು ಹೊರಿಸುತ್ತಾಳೆ ನೋಡೋಣ. ಗೆಳತಿಯ ಕಡೆಯೂ ಅಷ್ಟೇ, ಅವಳಿಗೂ ಸ್ವಲ್ಪ ಹೊಟ್ಟೆಕಿಚ್ಚು ಇರಲಿ. ಬರೀ ಒಳ್ಳೆಯವಳಾದರೆ ಪೋಸ್ಟರ್ ಆಗುತ್ತಾಳೆ.

ಕೊನೆಗೆ ಇಬ್ಬರೂ ಒಂದಾಗುತ್ತಾರಾ ಅನ್ನುವುದನ್ನು ಈಗಲೇ ಬರೆಯಬೇಡಿ. ಮೊದಲು ಹುಡುಗಿಯರನ್ನು ಆರಿಸಿ, ಸ್ಕ್ರಿಪ್ಟನ್ನು ಅವರಿಂದ ಜೋರಾಗಿ ಓದಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಎಲ್ಲಿ ಪದ ಬದಲಿಸಿ ಓದುತ್ತಾರೋ ಅಲ್ಲಿ ನೀವೂ ಬದಲಿಸಿ. ಎಲ್ಲಿ ನಗುತ್ತಾರೋ ಅಲ್ಲಿ ಯಾಕೆ ಅಂತ ಕೇಳಿ. ಆಮೇಲೆ ಮುಂದಿನ ಕರಡು.

ಎಡಿಟರ್:

ಕರಡು ಆದ ಮೇಲೆ ನನಗೂ ಕಳಿಸಿ, ಓದುತ್ತೇನೆ. ನೂರು ಪುಟದ ಒಳಗಿದ್ದರೆ.